ಕುದುರೆ ಕಟ್ಟುವ ಜಾಗವಿರುವ ಆಸ್ಪತ್ರೆ

ಯಂತ್ರದ ಒಂದು ತುದಿಯಲ್ಲಿ ಸೂಜಿ ಚುಚ್ಚಿ ಹನಿ ಬಿಡುತ್ತಾರೆ. ಇನ್ನೊಂದು ತುದಿಯಲ್ಲಿ ಕಾಗದದ ಮೇಲೆ ಗೆರೆ ಮೂಡುತ್ತ ಬರುತ್ತದೆ. ನಡುವೆ ಕಾಯಬೇಕು. ಇದು 1988, ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಲ್ಯಾಬು. ಹನಿ ಬಂದಿರುವುದು ಆರು ವರ್ಷದ ಹುಡುಗನೊಬ್ಬನ ಮೂತ್ರದಿಂದ. ಅವನ ಕಾಯಿಲೆಗೆ ಕೊಟ್ಟಿರುವ ಹೆಸರು ಸೆರೆಬ್ರಲ್ ಪಾಲ್ಸಿ. ಹೆರಿಗೆಯ ಹೊತ್ತಿನಲ್ಲಿ ಮಿದುಳಿಗೆ ಪೆಟ್ಟಾಗಿರಬೇಕು, ಈಗ ಮಾಡುವುದಕ್ಕೇನೂ ಇಲ್ಲ ಎಂದು ಮನೆಯವರು ಅದರಿಂದ ತಿಳಿದುಕೊಳ್ಳಬೇಕು. ಆದರೆ ಹುಡುಗ ಹುಟ್ಟಿದಾಗ ಚೆನ್ನಾಗಿಯೇ ಇದ್ದ. ವರ್ಷ ದಾಟಿದ ಮೇಲೆ ಒಂದು ಸಲ ಹುಷಾರು ತಪ್ಪಿದ್ದೇ ನೆಪ, ಕೈಕಾಲು ಹೇಳಿದ ಮಾತು ಕೇಳದಾದವು. ಹೆರಿಗೆಯ ಪೆಟ್ಟು ವರ್ಷಕ್ಕೂ ಹೆಚ್ಚು ಕಾದು ಬರುತ್ತದೆಯೇ?

ಕಾಗದದ ಮೇಲೆ ಒಂದು ಶಿಖರ ಎದ್ದು ನಿಲ್ಲುತ್ತದೆ. ಆರೋಗ್ಯವಂತ ಮಕ್ಕಳ ಮೂತ್ರದಲ್ಲಿ ಅಲ್ಲಿ ಏನೂ ಕಾಣಬಾರದು. ಅದು ಗ್ಲುಟಾರಿಕ್ ಆಮ್ಲ. ನೋಡುತ್ತ ಕೂತಿರುವ ಡಾಕ್ಟರು ಹೋಮ್ಸ್ ಮಾರ್ಟನ್, ಮೂವತ್ತೆಂಟರ ಆಸುಪಾಸಿನ ವಯಸ್ಸು, ಹುಟ್ಟಿನಿಂದ ಬರುವ ಚಯಾಪಚಯ ದೋಷಗಳನ್ನು ಕಲಿಯಲು ಈ ಲ್ಯಾಬಿಗೆ ಬಂದವರು. ಶಿಖರದ ಹೆಸರು ಅವರಿಗೆ ಗೊತ್ತು: ಗ್ಲುಟಾರಿಕ್ ಅಸಿಡೂರಿಯಾ, ಟೈಪ್ 1. 1975ರಲ್ಲಿ ಮೊದಲು ವರ್ಣಿಸಿದ ಕಾಯಿಲೆ. ಜಗತ್ತಿನ ವೈದ್ಯಕೀಯ ಪತ್ರಿಕೆಗಳನ್ನೆಲ್ಲ ಜಾಲಾಡಿದರೂ ಆಗ ಸಿಗುತ್ತಿದ್ದದ್ದು ಬೆರಳೆಣಿಕೆಯ ಮಕ್ಕಳು. ಇಂಥದ್ದೊಂದು ಕೈಗೆ ಸಿಕ್ಕರೆ ಸಾಮಾನ್ಯವಾಗಿ ಒಂದು ಪ್ರಬಂಧ ಬರೆಯುತ್ತಾರೆ. ಮಾರ್ಟನ್ ಹುಡುಗನ ಮನೆಗೆ ಹೊರಟರು.

ಆ ಕಾರಿನ ಹಿಂದಿನ ಸೀಟಿನಲ್ಲಿ ನೀವೂ ಕೂತುಕೊಳ್ಳಿ. ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿನಷ್ಟು ದಾರಿ. ಊರು ಮುಗಿದು ಬಡಾವಣೆಗಳು ಬರುತ್ತವೆ, ಅವೂ ಮುಗಿದ ಮೇಲೆ ಸುಣ್ಣಕಲ್ಲಿನ ನೆಲ, ಜೋಳ, ಹೊಗೆಸೊಪ್ಪು, ಹಾಲಿನ ಹಸುಗಳು. ಇದು ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿ. ಹೊಲದಲ್ಲಿ ಟ್ರ್ಯಾಕ್ಟರ್ ಇಲ್ಲ, ಹೇಸರಗತ್ತೆಗಳ ಸಾಲು ನೇಗಿಲೆಳೆಯುತ್ತಿದೆ. ರಸ್ತೆಯ ಅಂಚಿನಲ್ಲಿ ಬೂದುಬಣ್ಣದ ಮುಚ್ಚಿಗೆಯ ಕುದುರೆಗಾಡಿ. ಅದಕ್ಕೆ ಇಲ್ಲಿನ ಜನ ಬಗ್ಗಿ ಎನ್ನುತ್ತಾರೆ. ಮನೆಗಳಿಗೆ ಕರೆಂಟಿನ ತಂತಿ ಬಂದಿಲ್ಲ. ಫೋನು ಬೇಕಾದರೆ ಹೊಲದ ದಾರಿಯ ತುದಿಯಲ್ಲಿ ಒಂದು ಪುಟ್ಟ ಗೂಡು, ಅಲ್ಲಿಗೆ ನಡೆದುಹೋಗಿ ಮಾತಾಡಬೇಕು. ಇವರು ಅಮಿಶರು, ಒಂದು ಕ್ರೈಸ್ತ ಪಂಥದವರು. ಹದಿನೆಂಟನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಕಡೆಯಿಂದ ಧರ್ಮದ ಕಾರಣಕ್ಕೆ ಕಿರುಕುಳ ತಾಳದೆ ಹಡಗು ಹತ್ತಿ ಬಂದವರು. ಮನೆಮಾತು ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ಉಪಭಾಷೆ. ಮಕ್ಕಳ ಶಾಲೆ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಆರೋಗ್ಯ ವಿಮೆ ಮಾಡಿಸುವುದಿಲ್ಲ, ಸರ್ಕಾರದ ಸಹಾಯಧನ ಮುಟ್ಟುವುದಿಲ್ಲ. ಕಷ್ಟ ಬಂದರೆ ಸಭೆಯವರೆಲ್ಲ ಸೇರಿ ದುಡ್ಡು ಕೂಡಿಸುತ್ತಾರೆ.

ಮನೆಯಲ್ಲಿ ಹುಡುಗ ಗಾಲಿಕುರ್ಚಿಯಲ್ಲಿದ್ದಾನೆ. ಕೈಯೆತ್ತಲು ಹೋದರೆ ಬೆನ್ನು ಬಿಲ್ಲಾಗುತ್ತದೆ, ಕತ್ತು ಹಿಂದಕ್ಕೆ ತಿರುಚಿಕೊಳ್ಳುತ್ತದೆ, ಮಾತು ಗಂಟಲಲ್ಲೇ ಉಳಿಯುತ್ತದೆ. ಆದರೆ ಕಣ್ಣು ಚುರುಕು. ನಡೆಯುವುದನ್ನೆಲ್ಲ ಅವನು ಅರ್ಥಮಾಡಿಕೊಳ್ಳುತ್ತಿದ್ದಾನೆ. ಈ ಕಾಯಿಲೆಯ ಕ್ರೌರ್ಯ ಇರುವುದೇ ಇಲ್ಲಿ. ಮಿದುಳಿನ ನಡುವೆ ಚಲನೆಯನ್ನು ಹದಗೊಳಿಸುವ ಗಂಟುಗಳಿವೆ, ಕಾಡೇಟ್ ಮತ್ತು ಪ್ಯುಟಾಮೆನ್ ಎಂದು ಹೆಸರು. ಸಾಯುವುದು ಅವು ಮಾತ್ರ. ಯೋಚಿಸುವ ಹೊರಪದರ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ಈ ಹಳ್ಳಿಗಳಲ್ಲಿ ಇಂಥವನು ಇವನೊಬ್ಬನೇ ಅಲ್ಲ. ಪಕ್ಕದ ಊರಲ್ಲಿ ಒಬ್ಬಳಿದ್ದಾಳೆ, ನೆಂಟರ ಮನೆಯಲ್ಲಿ ಇಬ್ಬರಿದ್ದರು, ಒಬ್ಬ ತೀರಿಕೊಂಡ. ಹೀಗೆ ಒಬ್ಬರು ಇನ್ನೊಬ್ಬರ ಮನೆ ತೋರಿಸುತ್ತಾರೆ. ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ಮಾರ್ಟನ್ ಮಾಡಿದ್ದು ಸಂಶೋಧನೆಗಿಂತ ಹೆಚ್ಚಾಗಿ ಮನೆ ಮನೆ ಸುತ್ತುವ ಕೆಲಸ. ಅಡುಗೆಮನೆಯ ಮೇಜಿನ ಮುಂದೆ ಕೂತು ಅಮ್ಮಂದಿರ ಮಾತು ಕೇಳುವುದು, ಮಾದರಿ ತೆಗೆದುಕೊಳ್ಳುವುದು, ಲ್ಯಾಬಿಗೆ ಒಯ್ಯುವುದು. ಅಮ್ಮಂದಿರು ಹೇಳಿದ್ದು ಹೆಚ್ಚುಕಡಿಮೆ ಒಂದೇ ಕತೆ: ಮಗು ಚೆನ್ನಾಗಿತ್ತು, ತಲೆ ಮಾತ್ರ ಸ್ವಲ್ಪ ದೊಡ್ಡದು. ಒಂದು ದಿನ ಜ್ವರ, ವಾಂತಿ, ಏನೂ ತಿನ್ನಲಿಲ್ಲ. ಬೆಳಗಾಗುವಷ್ಟರಲ್ಲಿ ಬಟ್ಟೆಯ ಹಾಗೆ ಜೋಲುಬಿದ್ದಿತ್ತು. ಅದನ್ನೆಲ್ಲ ಒಟ್ಟುಗೂಡಿಸಿ 1991ರಲ್ಲಿ ಮಾರ್ಟನ್ ಮತ್ತು ಸಂಗಡಿಗರು ಬರೆದ ಪ್ರಬಂಧದ ತಲೆಬರಹದಲ್ಲೇ, ಜಗತ್ತಿಗೆ ಅಪರೂಪವಾದ ಈ ಕಾಯಿಲೆ ಲ್ಯಾಂಕಾಸ್ಟರಿನ ಅಮಿಶರಲ್ಲಿ ಸಾಮಾನ್ಯ ಎಂದಿದೆ. ವಿರಳ ಎಂಬುದು ನೀವು ಎಲ್ಲಿ ನಿಂತು ಎಣಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಫಿಲಡೆಲ್ಫಿಯಾದಲ್ಲೇ ನಿಂತವರಿಗೆ ಅದು ಇಷ್ಟು ಸಾಮಾನ್ಯವೆಂದು ಎಂದೂ ಕಾಣುತ್ತಿರಲಿಲ್ಲ.

ಒಂದು ರಾತ್ರಿಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಾಲು, ಬೇಳೆ, ಮಾಂಸ ಎಲ್ಲದರ ಪ್ರೋಟೀನಿನಲ್ಲೂ ಲೈಸಿನ್ ಎಂಬ ಅಮೈನೊ ಆಮ್ಲವಿದೆ. ದೇಹ ಅದನ್ನು ಹಂತ ಹಂತವಾಗಿ ಒಡೆಯುತ್ತದೆ. ಈ ಮಕ್ಕಳಲ್ಲಿ ನಡುವಿನ ಒಂದು ಕಿಣ್ವ ಕೆಲಸ ಮಾಡುವುದಿಲ್ಲ, ಹಾಗಾಗಿ ಒಡೆಯುವ ಕೆಲಸ ಅರ್ಧಕ್ಕೆ ನಿಂತು ಗ್ಲುಟಾರಿಕ್ ಆಮ್ಲ ಕೂಡುತ್ತದೆ. ಮಿದುಳಿನೊಳಗೆ ಹುಟ್ಟಿದ ಆಮ್ಲಕ್ಕೆ ಅಲ್ಲಿಂದ ಹೊರಬರುವ ದಾರಿಯೂ ಸರಿಯಾಗಿಲ್ಲ. ಹಾಗಾದರೆ ಲೈಸಿನ್ ಕಡಿಮೆ ಮಾಡಿ ಪಥ್ಯ ಕೊಟ್ಟರೆ ಮುಗಿಯಿತಲ್ಲ ಅನ್ನಿಸುತ್ತದೆ. ಮುಗಿಯುವುದಿಲ್ಲ. ಜ್ವರ ಬಂದು ಮಗು ಊಟ ಬಿಟ್ಟಾಗ ದೇಹ ಶಕ್ತಿಗಾಗಿ ತನ್ನ ಮಾಂಸಖಂಡವನ್ನೇ ಕರಗಿಸಲು ಹೊರಡುತ್ತದೆ. ಅಡುಗೆಮನೆಯಲ್ಲಿ ಅಳೆದು ತೂಗಿ ತಡೆದ ಲೈಸಿನ್ ಒಳಗಿನಿಂದಲೇ ಸುರಿಯುತ್ತದೆ. ಕೆಲವೇ ಗಂಟೆಗಳಲ್ಲಿ ಆ ಗಂಟುಗಳು ಸಾಯುತ್ತವೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಈ ಗಂಡಾಂತರ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದ್ದು; ಆರು ದಾಟಿದರೆ ಹೆಚ್ಚುಕಡಿಮೆ ತಪ್ಪಿದಂತೆಯೇ.

ತಡೆಯುವುದು ಹೇಗೆ? ಉತ್ತರ ಕೇಳಿದರೆ ನಿರಾಸೆಯಾಗಬಹುದು. ಸಕ್ಕರೆ ನೀರು. ಡೆಕ್ಸ್‌ಟ್ರೋಸ್ ಡ್ರಿಪ್ಪನ್ನು ಹೊತ್ತಿಗೆ ಸರಿಯಾಗಿ ಹಾಕಿದರೆ ದೇಹಕ್ಕೆ ಶಕ್ತಿ ಸಿಗುತ್ತದೆ, ಮಾಂಸ ಕರಗಿಸುವುದನ್ನು ಬಿಡುತ್ತದೆ. ಜೊತೆಗೆ ಕಾರ್ನಿಟೈನ್, ಜ್ವರಕ್ಕೆ ಔಷಧ. ಡ್ರಿಪ್ಪಂತೂ ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಇರುವ ಸಾಮಾನು. ಆದರೆ ಎರಡು ಶರತ್ತುಗಳಿವೆ. ಈ ಮಗುವಿಗೆ ಈ ಕಾಯಿಲೆ ಇದೆ ಎಂದು ಜ್ವರ ಬರುವ ಮೊದಲೇ ಗೊತ್ತಿರಬೇಕು. ಮತ್ತೆ ಗೊತ್ತಿರುವ ಡಾಕ್ಟರು ಕುದುರೆಗಾಡಿಗೆ ಎಟುಕುವಷ್ಟು ಹತ್ತಿರ ಇರಬೇಕು. ಮಾರ್ಟನ್ನರ ಮುಂದಿನ ವೃತ್ತಿಜೀವನವೆಲ್ಲ ಈ ಎರಡು ಶರತ್ತು ಪೂರೈಸಲು ಹೊರಟಿದ್ದು ಅಂತ ನನಗನ್ನಿಸುತ್ತದೆ. ಜೀನು, ಪ್ರಶಸ್ತಿ, ಪತ್ರಿಕೆಯ ಲೇಖನ ಎಲ್ಲ ಅದರ ಹಿಂದೆ ಬಂದವು.

ಇಂಥ ಹುಚ್ಚಿಗೆ ಕೈಹಾಕುವವರ ಹಿನ್ನೆಲೆಯೂ ಸ್ವಲ್ಪ ಬೇರೆಯೇ ಇರುತ್ತದೆ. ವೆಸ್ಟ್ ವರ್ಜೀನಿಯಾದ ಫೇಯೆಟ್‌ವಿಲ್, ಕಲ್ಲಿದ್ದಲು ಗಣಿಗಳ ನಾಡು. ಅಲ್ಲಿ 1950ರಲ್ಲಿ ಹುಟ್ಟಿದ ಹುಡುಗ ಮಾರ್ಟನ್ ಹೈಸ್ಕೂಲನ್ನೇ ಮುಗಿಸಲಿಲ್ಲ. ಗ್ರೇಟ್ ಲೇಕ್ಸ್‌ನ ಸರಕು ಹಡಗುಗಳಲ್ಲಿ ಕೆಲಸಕ್ಕೆ ಸೇರಿದ. ಹಡಗಿನ ಹೊಟ್ಟೆಯೊಳಗೆ ಬಾಯ್ಲರುಗಳ ಉರಿ, ಎಣ್ಣೆಯ ನಾತ, ಉಗಿಯ ಒತ್ತಡ ತೋರಿಸುವ ಮುಳ್ಳುಗಳು. ಕೆಲಸದ ಪಾಳಿ ಮುಗಿದ ಮೇಲೆ ಪುಸ್ತಕ. ನೌಕಾಪಡೆಯಲ್ಲೂ ಕೆಲವು ವರ್ಷ. ಆಮೇಲೆ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜು, ಅಲ್ಲಿಂದ ಹಾರ್ವರ್ಡ್, 1983ರಲ್ಲಿ ಡಾಕ್ಟರು. ತನ್ನ ವಾರಿಗೆಯವರು ಪ್ರಾಧ್ಯಾಪಕರಾಗುವ ವಯಸ್ಸಿನಲ್ಲಿ ಇವರು ಇನ್ನೂ ಕಲಿಯುತ್ತಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ರೈತರ ಅಡುಗೆಮನೆಯಲ್ಲಿ ಇಂಥವರು ಇರಿಸುಮುರಿಸಿಲ್ಲದೆ ಕೂತದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಳ್ಳಿಯ ಪಕ್ಕದಲ್ಲಿ ಕ್ಲಿನಿಕ್ಕು, ಕ್ಲಿನಿಕ್ಕಿನೊಳಗೇ ಲ್ಯಾಬು: ಇದು ಮಾರ್ಟನ್ ಮತ್ತು ಅವರ ಹೆಂಡತಿ ಕ್ಯಾರೊಲಿನ್ ಮಾಡಿಕೊಂಡ ಯೋಜನೆ. ಮೂತ್ರದ ಹನಿ ಪರೀಕ್ಷಿಸುವ ಆ ಯಂತ್ರ, ಮಾಸ್ ಸ್ಪೆಕ್ಟ್ರೋಮೀಟರ್, ಇರುವುದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ. ಹೊಲದ ನಡುವೆ ಅದನ್ನು ಯಾರು ಇಡುತ್ತಾರೆ? ಅನುದಾನಕ್ಕೆ ಹಾಕಿದ ಅರ್ಜಿ ವಾಪಸು ಬಂತು. ಮನೆಯ ಮೇಲೆ ಇನ್ನೊಂದು ಸಾಲ ಎತ್ತುವ ಯೋಚನೆಯೂ ನಡೆಯಿತು. ಅಷ್ಟರಲ್ಲಿ, 1989ರಲ್ಲಿ, ವಾಲ್ ಸ್ಟ್ರೀಟ್ ಜರ್ನಲ್ ಮುಖಪುಟದಲ್ಲಿ ಈ ದಂಪತಿಯ ಬಗ್ಗೆ ಬರೆಯಿತು. ಓದಿದವರು ಚೆಕ್ಕು ಕಳಿಸಿದರು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯಿಂದ ಯಂತ್ರ ಬಂತು. ಷೇರುಪೇಟೆಯ ಪತ್ರಿಕೆ ಓದುವವರು ಕರೆಂಟಿಲ್ಲದ ಮನೆಗಳ ಮಕ್ಕಳಿಗೆ ದುಡ್ಡು ಕಳಿಸಿದ್ದನ್ನು ಅಮೆರಿಕದ ವಿಚಿತ್ರಗಳಲ್ಲಿ ಒಂದು ಎನ್ನಬೇಕು.

ಜಾಗ ಕೊಟ್ಟವನು ಒಬ್ಬ ಅಮಿಶ್ ರೈತ, ಸ್ಟ್ರಾಸ್‌ಬರ್ಗ್ ಎಂಬ ಸಣ್ಣ ಊರಿನ ಹತ್ತಿರ, ತನ್ನ ಹೊಲದಲ್ಲೇ. 1990ರ ನವೆಂಬರ್. ಚಳಿ ಶುರುವಾಗಿದೆ. ಅಲ್ಲಿಗೆ ಬನ್ನಿ. ಕೊಟ್ಟಿಗೆ ಎಬ್ಬಿಸುವುದು ಈ ಜನಕ್ಕೆ ಗೊತ್ತಿರುವ ಕೆಲಸ. ಒಬ್ಬನ ಕೊಟ್ಟಿಗೆ ಸುಟ್ಟರೆ ಊರೆಲ್ಲ ಸೇರಿ ದಿನದೊಳಗೆ ಇನ್ನೊಂದು ನಿಲ್ಲಿಸುತ್ತಾರೆ. ಈ ಸಲ ನಿಲ್ಲಬೇಕಾದದ್ದು ಆಸ್ಪತ್ರೆ. ಗಡ್ಡದ ಗಂಡಸರು, ಕಪ್ಪು ಟೋಪಿ, ಸೊಂಟದಲ್ಲಿ ಮೊಳೆಯ ಚೀಲ. ದಪ್ಪ ಮರದ ತೊಲೆಗಳನ್ನು ನೆಲದ ಮೇಲೆಯೇ ಜೋಡಿಸಿಟ್ಟಿದ್ದಾರೆ. ಒಬ್ಬ ಕೂಗುತ್ತಾನೆ, ಸಾಲಾಗಿ ನಿಂತವರು ಒಟ್ಟಿಗೆ ಎತ್ತುತ್ತಾರೆ; ಮೊದಲು ಮೊಣಕಾಲಿಗೆ, ಆಮೇಲೆ ಎದೆಗೆ, ಆಮೇಲೆ ಉದ್ದ ಕೋಲುಗಳಿಂದ ಮೇಲಕ್ಕೆ. ಚೌಕಟ್ಟು ನೆಟ್ಟಗೆ ನಿಲ್ಲುತ್ತದೆ. ಅಮಿಶರ ಜೊತೆ ಇನ್ನೊಂದು ಕ್ರೈಸ್ತ ಪಂಥದವರಾದ ಮೆನೊನೈಟರೂ ಇದ್ದಾರೆ. ಬಟ್ಟೆಬರೆಯಲ್ಲಿ, ಕಟ್ಟಳೆಯಲ್ಲಿ ಇವರಿಬ್ಬರ ನಡುವಿನ ವ್ಯತ್ಯಾಸ ಹೊರಗಿನವರಿಗೆ ತಿಳಿಯುವುದು ಕಷ್ಟ, ಅವರಿಗೆ ಮಾತ್ರ ಬಹಳ ಮುಖ್ಯ. ಕಟ್ಟಡಕ್ಕೆ ಇಟ್ಟ ಹೆಸರು ಕ್ಲಿನಿಕ್ ಫಾರ್ ಸ್ಪೆಷಲ್ ಚಿಲ್ಡ್ರನ್. ಹೊರಗೆ ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಕುದುರೆ ಕಟ್ಟುವ ಜಾಗ.

ಒಳಗಿನ ಒಂದು ಬೆಳಗು ಹೀಗಿರುತ್ತದೆ ಎಂದುಕೊಳ್ಳಿ. ಮೆನೊನೈಟ್ ಹೆಂಗಸೊಬ್ಬಳಿಗೆ ಹಿಂದಿನ ದಿನ ಹೆರಿಗೆಯಾಗಿದೆ. ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಹಿಂದೊಂದು ಮಗುವನ್ನು ಕಳೆದುಕೊಂಡವಳು ಆಕೆ. ಮಗು ಹಾಲು ಕುಡಿದಿದೆ, ಬಣ್ಣ ಚೆನ್ನಾಗಿದೆ, ಅಳು ಗಟ್ಟಿಯಾಗಿದೆ. ಆದರೂ ಹುಟ್ಟಿದ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ರಕ್ತ ಕ್ಲಿನಿಕ್ಕಿಗೆ ಬರಬೇಕು. ಅನುಭವಿ ಸೂಲಗಿತ್ತಿ ಇನ್ನೊಂದನ್ನೂ ನೋಡುತ್ತಾಳೆ: ಹತ್ತಿಯ ತುದಿಯಿಂದ ಮಗುವಿನ ಕಿವಿಯ ಗುಗ್ಗೆ ತೆಗೆದು ಮೂಸುತ್ತಾಳೆ. ಸುಟ್ಟ ಸಕ್ಕರೆಯ ವಾಸನೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಮೂತ್ರಕ್ಕಿಂತ ಮೊದಲು ಆ ವಾಸನೆ ಕಿವಿಯಲ್ಲಿ ಸಿಗುತ್ತದೆ.

ಇದು ಮೇಪಲ್ ಸಿರಪ್ ಯೂರಿನ್ ಡಿಸೀಸ್. ಮೇಪಲ್ ಮರದ ಪಾಕದ ವಾಸನೆ ಎಂದು 1954ರಲ್ಲಿ ಜಾನ್ ಮೆಂಕೆಸ್ ಇದನ್ನು ಗುರುತಿಸಿದರು. ನಮಗೆ ಆ ಪಾಕ ಗೊತ್ತಿಲ್ಲ, ಆದರೆ ವಾಸನೆ ಗೊತ್ತು: ಅದಕ್ಕೆ ಕಾರಣವಾದ ಸೊಟೊಲೋನ್ ಎಂಬ ವಸ್ತು ನಮ್ಮ ಮೆಂತ್ಯದಲ್ಲೂ ಇದೆ. ಹೆರಿಗೆಗೆ ಮುಂಚೆ ತಾಯಿ ಮೆಂತ್ಯ ತಿಂದಿದ್ದರಿಂದ ಮಗುವಿನ ಮೈಯಿಂದ ಅದೇ ವಾಸನೆ ಬಂದು ಡಾಕ್ಟರುಗಳು ಗಾಬರಿಯಾದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಸುರಿ ಬಾಣಂತಿಯರಿಗೆ ಮೆಂತ್ಯದ ಹಿಟ್ಟು, ಮೆಂತ್ಯದ ಉಂಡೆ ತಿನ್ನಿಸುವ ನಮ್ಮ ಊರುಗಳಲ್ಲಿ ಮೂಗನ್ನೊಂದೇ ನಂಬಿ ರೋಗ ಹಿಡಿಯುವಂತಿಲ್ಲ, ರಕ್ತ ನೋಡಲೇಬೇಕು.

ಬೇರೆಡೆ ಸುಮಾರು 1,85,000 ಹೆರಿಗೆಗೆ ಒಂದು ಕಾಣುವ ಈ ಕಾಯಿಲೆ ಇಲ್ಲಿನ ಹಳೆಯ ಪದ್ಧತಿಯ ಮೆನೊನೈಟರಲ್ಲಿ ಸುಮಾರು 380ಕ್ಕೆ ಒಂದು. ಇದರಲ್ಲಿ ಕೂಡುವುದು ಲ್ಯೂಸಿನ್ ಮತ್ತದರ ಸಂಗಡಿಗ ಅಮೈನೊ ಆಮ್ಲಗಳು. ಹುಟ್ಟಿದ ನಾಲ್ಕೈದು ದಿನಕ್ಕೆ ಮಗು ಹಾಲು ಬಿಡುತ್ತದೆ, ಮೈ ಬಿಗಿಯುತ್ತದೆ, ಮಿದುಳು ಬಾಯುತ್ತದೆ. ಹಿಂದೆ ವಾರಗಳಲ್ಲಿ ಸಾವು, ಬದುಕಿದರೆ ಬುದ್ಧಿಮಾಂದ್ಯ. ಈಗ ಆ ರಕ್ತದ ಕೊಳವೆ ಪರೀಕ್ಷೆಯ ಕೋಣೆಯಿಂದ ಲ್ಯಾಬಿಗೆ ನಾಲ್ಕು ಹೆಜ್ಜೆ ನಡೆದುಹೋಗುತ್ತದೆ. ಫಲಿತಾಂಶ ಅದೇ ದಿನ. ದೂರದ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಿ ಕಾಯುತ್ತ ಕೂತರೆ ಉತ್ತರ ಬರುವಷ್ಟರಲ್ಲಿ ಪ್ರಶ್ನೆಯೇ ಉಳಿದಿರುವುದಿಲ್ಲ. ಲ್ಯೂಸಿನ್ ಏರಿದ್ದರೆ ವಿಶೇಷ ಪುಡಿಹಾಲು ಅಂದೇ ಶುರು. 2002ರಲ್ಲಿ ಮಾರ್ಟನ್ ತಂಡ 36 ರೋಗಿಗಳ ವರದಿ ಕೊಟ್ಟಾಗ, ಹೀಗೆ ಮೊದಲ ದಿನವೇ ಸಿಕ್ಕ ಮಕ್ಕಳು ಆಸ್ಪತ್ರೆ ಸೇರದೆ ಮನೆಯಲ್ಲೇ ಬೆಳೆದ ವಿಷಯ ಹೊರಗೆ ಬಂತು.

ಮನೆಯಲ್ಲಿ ಬೆಳೆಯುವುದೂ ಸುಲಭವಲ್ಲ. ಅಪ್ಪನ ಕಸುಬು ಹೈನುಗಾರಿಕೆ. ಕೊಟ್ಟಿಗೆಯಲ್ಲಿ ದಿನಕ್ಕೆರಡು ಹೊತ್ತು ಹಾಲು ಕರೆಯುತ್ತಾರೆ, ಅಂಗಳದಾಚೆ ಹಾಲಿನ ಟ್ಯಾಂಕು, ಆ ಹಾಲೇ ಈ ಮಗುವಿಗೆ ವಿಷ. ಅಡುಗೆಮನೆಯಲ್ಲಿ ಗ್ರಾಮಿನ ತಕ್ಕಡಿ. ಇಷ್ಟು ಗ್ರಾಂ ಆಲೂಗಡ್ಡೆ, ಇಷ್ಟು ಬಟಾಣಿ, ಉಳಿದದ್ದೆಲ್ಲ ಪುಡಿಯಲ್ಲಿ ಕಲಸಿದ ಪಾನೀಯ. ಅದರ ರುಚಿಯಾಗಲಿ ವಾಸನೆಯಾಗಲಿ ಹೊಗಳುವಂಥದ್ದಲ್ಲ. ಇಷ್ಟೆಲ್ಲ ಮಾಡಿದರೂ ಒಂದು ಕಿವಿನೋವು, ಒಂದು ವಾಂತಿಭೇದಿ ಸಾಕು, ಮಾಂಸ ಕರಗಿ ಲ್ಯೂಸಿನ್ ಏರಲು. ಆಗ ಮತ್ತೆ ಡ್ರಿಪ್ಪು, ಗಂಟೆಗಂಟೆಗೂ ಸೋಡಿಯಂ, ಮಿದುಳು ಬಾಯದಂತೆ ಕಾವಲು.

ಕತ್ತಲಾದ ಮೇಲೆ ಇಲ್ಲಿನ ರಸ್ತೆಗಳಲ್ಲಿ ಹೋದರೆ ಲಾಟೀನಿನ ಹಳದಿ ಬೆಳಕಿನ ಕಿಟಕಿಗಳ ನಡುವೆ ಒಂದು ಕಿಟಕಿ ನೀಲಿಯಾಗಿ ಉರಿಯುತ್ತಿರುವುದು ಕಂಡೀತು. ಆ ಮನೆಯಲ್ಲಿ ಕ್ರಿಗ್ಲರ್-ನಜಾರ್ ಕಾಯಿಲೆಯ ಮಗುವಿದೆ. ಹುಟ್ಟಿದ ಕೂಸಿಗೆ ಕಾಮಾಲೆ ಬಂದರೆ ನಮ್ಮಲ್ಲೂ ನೀಲಿ ದೀಪದ ಕೆಳಗೆ ಎರಡು ಮೂರು ದಿನ ಮಲಗಿಸುತ್ತಾರೆ. ಈ ಮಕ್ಕಳ ಕಾಮಾಲೆ ಹೋಗುವುದೇ ಇಲ್ಲ. ಮೈಗೆ ಹಳದಿ ತರುವ ಬಿಲಿರುಬಿನನ್ನು ಹೊರಹಾಕಲು ಬೇಕಾದ ಕಿಣ್ವ ಯಕೃತ್ತಿನಲ್ಲಿಲ್ಲ. ಬಿಲಿರುಬಿನ್ ಏರಿದರೆ ಹೋಗಿ ಕೂರುವುದು ಮಿದುಳಿನಲ್ಲಿ. ಹಾಗಾಗಿ ದಿನಾ ರಾತ್ರಿ ಹತ್ತು ಹನ್ನೆರಡು ಗಂಟೆ, ಬಟ್ಟೆಯಿಲ್ಲದೆ, ಸಾಲು ನೀಲಿ ಟ್ಯೂಬುಗಳ ಕೆಳಗೆ ನಿದ್ದೆ. ಕರೆಂಟು ಬೇಡವೆಂದ ಸಮುದಾಯ ಇದಕ್ಕೆ ಜನರೇಟರನ್ನೂ ಬ್ಯಾಟರಿಯನ್ನೂ ಒಪ್ಪಿಕೊಂಡಿತು. ಕಟ್ಟಳೆ ಎಷ್ಟು ಬಿಗಿಯೋ ಮಗುವಿನ ಪ್ರಶ್ನೆ ಬಂದಾಗ ಅಷ್ಟೇ ಸಡಿಲವಾಗಬಲ್ಲದು. ಬೆಳೆದಂತೆ ಚರ್ಮ ದಪ್ಪವಾಗಿ, ತೂಕಕ್ಕೆ ತಕ್ಕಷ್ಟು ಮೈ ಬೆಳಕಿಗೆ ಸಿಗದೆ, ದೀಪ ಸಾಲದಾಗುತ್ತದೆ. ಆಮೇಲೆ ಯಕೃತ್ತಿನ ಕಸಿಯೊಂದೇ ಗತಿ.

ಕಸಿ ಮೇಪಲ್ ಸಿರಪ್ ಮಕ್ಕಳಿಗೂ ಬಂತು. 2004ರಿಂದ ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಯ ಜೊತೆ ಸೇರಿ ಕ್ಲಿನಿಕ್ಕು ಇದನ್ನು ಕ್ರಮವಾಗಿ ನಡೆಸತೊಡಗಿತು. ಹೊಸ ಯಕೃತ್ತು ಬಂದ ಮೇಲೆ ಹುಡುಗಿಯೊಬ್ಬಳು ಮೊದಲ ಸಲ ಮನೆಯ ಹಾಲು ಕುಡಿಯಬಹುದು. ಇನ್ನೂ ಸೋಜಿಗದ್ದೆಂದರೆ ಅವಳಿಂದ ತೆಗೆದ ಯಕೃತ್ತೂ ವ್ಯರ್ಥವಲ್ಲ. ಈ ಕಾಯಿಲೆಯಿಲ್ಲದ ಇನ್ನೊಬ್ಬ ರೋಗಿಗೆ ಅದನ್ನು ಕಸಿ ಮಾಡಬಹುದು, ಮಾಡಿದ್ದಾರೆ ಕೂಡ. ಅವರ ಮಾಂಸಖಂಡ, ಮೂತ್ರಪಿಂಡಗಳಲ್ಲಿ ಇರುವ ಕಿಣ್ವವೇ ಲ್ಯೂಸಿನ್ ಒಡೆಯಲು ಸಾಕಾಗುತ್ತದೆ.

ಗ್ಲುಟಾರಿಕ್ ಮಕ್ಕಳ ಗತಿ ಏನಾಯಿತು? ಕ್ಲಿನಿಕ್ಕಿಗೆ ಮುಂಚೆ ಈ ಕಾಯಿಲೆಯಿದ್ದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳ ಮಿದುಳಿಗೆ ಪೆಟ್ಟಾಗುತ್ತಿತ್ತು. ಹುಟ್ಟಿದ ಕೂಡಲೇ ಪರೀಕ್ಷೆ ಮತ್ತು ಡ್ರಿಪ್ಪು ಬಂದ ಮೇಲೆ ಅದು ಮೂರನೇ ಒಂದರ ಹತ್ತಿರಕ್ಕೆ ಇಳಿಯಿತು. ಅಲ್ಲೇ ವರ್ಷಗಟ್ಟಲೆ ನಿಂತಿತು. ಮೂವರಲ್ಲಿ ಒಬ್ಬರು ಎಂದರೆ ಸಣ್ಣ ಲೆಕ್ಕವಲ್ಲ. ಎಲ್ಲ ಸರಿಯಾಗಿ ಮಾಡಿದ ಅಮ್ಮನ ಮಗುವೂ ಬೆಳಗಾಗುವಷ್ಟರಲ್ಲಿ ಕೈತಪ್ಪಬಹುದಿತ್ತು. ಕ್ಲಿನಿಕ್ಕಿನ ಇನ್ನೊಬ್ಬ ಡಾಕ್ಟರು ಕೆವಿನ್ ಸ್ಟ್ರಾಸ್ ಮತ್ತು ಮಾರ್ಟನ್ ಹುಡುಕಿದ ಮುಂದಿನ ಉಪಾಯ ಮಿದುಳಿನ ಬಾಗಿಲಲ್ಲಿತ್ತು. ರಕ್ತದಿಂದ ಮಿದುಳಿಗೆ ಲೈಸಿನ್ ಹೋಗುವ ದಾರಿಯಲ್ಲೇ ಆರ್ಜಿನೈನ್ ಎಂಬ ಇನ್ನೊಂದು ಅಮೈನೊ ಆಮ್ಲವೂ ಹೋಗುತ್ತದೆ. ಸಂತೆಯ ದಿನ ಬಸ್ಸಿನ ಬಾಗಿಲಲ್ಲಿ ಗಟ್ಟಿಮುಟ್ಟಾದವರು ಹತ್ತು ಜನ ನುಗ್ಗಿದರೆ ಮುದುಕಪ್ಪ ಕೆಳಗೇ ಉಳಿಯುತ್ತಾನಲ್ಲ, ಹಾಗೆ ಆರ್ಜಿನೈನನ್ನು ಹೆಚ್ಚು ಕೊಟ್ಟರೆ ಲೈಸಿನ್ ಹೊರಗೇ ಉಳಿಯುತ್ತದೆ. ಆ ಲೆಕ್ಕದಲ್ಲಿ ತಯಾರಾದ ಪುಡಿಹಾಲು ಕುಡಿದು ಬೆಳೆದ ಮೊದಲ ಹನ್ನೆರಡು ಕೂಸುಗಳ ವರದಿ 2011ರಲ್ಲಿ ಬಂತು. ಒಂದಕ್ಕೂ ಆ ಪೆಟ್ಟು ಆಗಿರಲಿಲ್ಲ.

ಎಲ್ಲ ಕತೆಯೂ ಹೀಗೆ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಪೆನ್ಸಿಲ್ವೇನಿಯಾದ ನಡುಭಾಗದಲ್ಲಿ ಬೆಲ್‌ವಿಲ್ ಕಡೆಯ ಅಮಿಶರಲ್ಲಿ ಎರಡು ತಲೆಮಾರಿನಲ್ಲಿ ಒಂಬತ್ತು ಕುಟುಂಬಗಳ 21 ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಅವುಗಳ ಅಳು ಬೇರೆ. ಆಡಿನ ಮರಿ ಕೂಗಿದಂತೆ, ತುಂಡುತುಂಡಾಗಿ. ಉಸಿರು, ಎದೆಬಡಿತ ನೋಡಿಕೊಳ್ಳುವ ನರಗಳೇ ಹದತಪ್ಪಿ ಒಂದು ದಿನ ಇದ್ದಕ್ಕಿದ್ದಂತೆ ಎಲ್ಲ ನಿಲ್ಲುತ್ತಿತ್ತು. 2004ರಲ್ಲಿ ಅರಿಜೋನಾದ ಜೀನೋಮ್ ಸಂಸ್ಥೆಯ ಜೊತೆ ಸೇರಿ ಕ್ಲಿನಿಕ್ಕಿನ ಲ್ಯಾಬಿನ ಮುಖ್ಯಸ್ಥ ಎರಿಕ್ ಪಫೆನ್‌ಬರ್ಗರ್ ಮತ್ತು ಸಂಗಡಿಗರು ನಾಲ್ಕೇ ಕೂಸುಗಳ ಡಿಎನ್ಎಯಿಂದ, ಹತ್ತು ಸಾವಿರ ಗುರುತುಗಳನ್ನು ಹೋಲಿಸಿ, ಜೀನನ್ನು ಹಿಡಿದರು. ಆ ಕಾಲಕ್ಕೆ ಅದು ಬೆರಗು ಹುಟ್ಟಿಸುವ ಚಳಕ. ಆದರೆ ಚಿಕಿತ್ಸೆ ಇಲ್ಲ. ಹೆಸರು ಸಿಕ್ಕಿತು, ಮಗು ಸಿಗಲಿಲ್ಲ. ಜೀನು ಪತ್ತೆಯಾಯಿತು ಎಂಬ ಸುದ್ದಿ ಓದಿದಾಗಲೆಲ್ಲ ಮುಂದೇನು ಎಂದು ಕೇಳುವ ಅಭ್ಯಾಸ ನನಗೆ ಇಂಥ ಪ್ರಬಂಧಗಳಿಂದಲೇ ಬಂದದ್ದು. ಕೆಲವೊಮ್ಮೆ ಉತ್ತರವೂ ಸಿಗುತ್ತದೆ: ಮೆನೊನೈಟ್ ಮಕ್ಕಳಲ್ಲಿ ಕೈಕಾಲು ತಿರುಚಿಕೊಳ್ಳುವುದರಿಂದ ಪ್ರೆಟ್ಸೆಲ್ ಎಂಬ ಅಡ್ಡಹೆಸರು ಬಿದ್ದ, ದೊಡ್ಡ ತಲೆ ಮತ್ತು ನಿಲ್ಲದ ಫಿಟ್ಸಿನ ಕಾಯಿಲೆಯೊಂದಿದೆ. ಅದರ ಜೀನು ತಿಳಿದ ಮೇಲೆ, ಅಂಗಕಸಿಯವರಿಗೆ ಕೊಡುತ್ತಿದ್ದ ಸಿರೋಲಿಮಸ್ ಎಂಬ ಹಳೆಯ ಮಾತ್ರೆ ಐದು ಮಕ್ಕಳಲ್ಲಿ ಫಿಟ್ಸನ್ನು ಬಹುವಾಗಿ ತಗ್ಗಿಸಿದ ವರದಿ 2013ರಲ್ಲಿ ಬಂತು.

ಅಮಿಶರು ಒಳಗೊಳಗೇ ಮದುವೆಯಾಗುವುದರಿಂದ ಹೀಗೆ ಎಂದು ಕೈತೊಳೆದುಕೊಳ್ಳುವುದು ಸುಲಭ. ನಿಜವೇನೆಂದರೆ ಅಮಿಶರಲ್ಲಿ ಅತ್ತೆಯ ಮಗಳನ್ನಾಗಲಿ ಚಿಕ್ಕಪ್ಪನ ಮಗಳನ್ನಾಗಲಿ ಮದುವೆಯಾಗುವಂತಿಲ್ಲ. ಸೋದರಮಾವನಿಗೆ ಹೆಣ್ಣು ಕೊಡುವ ಮಾತು ಕೇಳಿದರೆ ಅವರು ಬೆಚ್ಚಿಬೀಳುತ್ತಾರೆ. ಅವರ ಸಮಸ್ಯೆ ಬೇರೆ: ಹಡಗು ಹತ್ತಿ ಬಂದವರು ಕೆಲವೇ ನೂರು ಜನ, ಅವರಲ್ಲಿ ಯಾರೋ ಒಬ್ಬರು ತಂದ ದೋಷ ಮೂರು ಶತಮಾನದಲ್ಲಿ ಎಷ್ಟೋ ಮನೆಗಳಿಗೆ ಹರಡಿದೆ. ಒಂದೊಂದು ಕಾಯಿಲೆಗೂ ಜೀನಿನಲ್ಲಿ ಒಂದೇ ತಪ್ಪು, ಹಾಗಾಗಿ ಒಂದೇ ಅಗ್ಗದ ಪರೀಕ್ಷೆ. ಕರ್ನಾಟಕದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಾಲ್ಕರಲ್ಲಿ ಒಂದರಷ್ಟು ಮದುವೆ ರಕ್ತಸಂಬಂಧದಲ್ಲಿ ಆಗುತ್ತದೆ. ನಮ್ಮಲ್ಲಿ ಒಂದೊಂದು ಮನೆತನದ ತಪ್ಪೂ ಬೇರೆ ಬೇರೆ ಇರಬಹುದು. ಅವರಿಗಿಂತ ನಮ್ಮ ಕೆಲಸ ಕಷ್ಟದ್ದು. ಅವರ ಹತ್ತಿರ ವಂಶಾವಳಿಯ ದಪ್ಪ ದಪ್ಪ ಪುಸ್ತಕಗಳಿವೆ. 1960ರ ದಶಕದಲ್ಲಿ ಜಾನ್ಸ್ ಹಾಪ್ಕಿನ್ಸಿನ ವಿಕ್ಟರ್ ಮೆಕ್ಯುಸಿಕ್ ಅವನ್ನು ಹಿಡಿದುಕೊಂಡು ಅಪರೂಪದ ಕುಳ್ಳತನವೊಂದನ್ನು 1744ರಲ್ಲಿ ಬಂದಿಳಿದ ಒಂದೇ ದಂಪತಿಯವರೆಗೆ ಒಯ್ದು ನಿಲ್ಲಿಸಿದ್ದರು.

ಕ್ಲಿನಿಕ್ಕಿನ ಖರ್ಚಿನ ದೊಡ್ಡ ಪಾಲು ಬರುವುದು ಹರಾಜಿನಿಂದ. ಅದನ್ನೊಂದು ನೋಡಿಕೊಂಡೇ ಹೋಗಬೇಕು. ಹೆಂಗಸರು ಚಳಿಗಾಲವೆಲ್ಲ ಹೊಲಿದ ಕೌದಿಗಳು ಹಗ್ಗದ ಮೇಲೆ ತೂಗುತ್ತಿವೆ, ಮರಗೆಲಸದವರ ಕುರ್ಚಿ ಮೇಜು, ಕುದುರೆ, ಬಗ್ಗಿ, ಡೋನಟ್ಟು, ಐಸ್‌ಕ್ರೀಮು. ಹರಾಜು ಕೂಗುವವನ ನಾಲಿಗೆ ಹಿಡಿಯಲು ಹೊರಗಿನವರಿಗೆ ಆಗುವುದಿಲ್ಲ. ಪರವೂರಿನವರೂ ಬಂದು ದೊಡ್ಡ ಬೆಲೆಗೆ ಕೌದಿ ಕೊಳ್ಳುತ್ತಾರೆ. ಮಕ್ಕಳ ಕಾಯಿಲೆಯ ಬಗ್ಗೆ ಭಾಷಣವೇನೂ ಇಲ್ಲ, ದುಡ್ಡು ಎಣಿಸಿ ಕ್ಲಿನಿಕ್ಕಿಗೆ ಕೊಡುತ್ತಾರೆ ಅಷ್ಟೆ. ಹೊರಗಿನ ಮನ್ನಣೆಯೂ ಸಿಕ್ಕಿತು: 1993ರಲ್ಲಿ ಮಾರ್ಟನ್ನರಿಗೆ ಆಲ್ಬರ್ಟ್ ಶ್ವೈಟ್ಜರ್ ಪ್ರಶಸ್ತಿ, 2006ರಲ್ಲಿ ಮ್ಯಾಕ್ ಆರ್ಥರ್ ಫೆಲೊಶಿಪ್ಪು ಬಂದವು.

ಅರವತ್ತೈದು ದಾಟಿದ ಮೇಲೆ ಮಾರ್ಟನ್ ಸ್ಟ್ರಾಸ್‌ಬರ್ಗ್ ಬಿಟ್ಟು ಬೆಲ್‌ವಿಲ್ಲಿಗೆ ಹೋದರು, ಅಲ್ಲಿ ಇನ್ನೊಂದು ಕ್ಲಿನಿಕ್ಕು ಕಟ್ಟಲು. ಅದು ಕಿಶಕೊಕ್ವಿಲಸ್ ಕಣಿವೆ, ಎರಡು ಬೆಟ್ಟದ ಸಾಲುಗಳ ನಡುವೆ. ಇಲ್ಲಿನ ರಸ್ತೆಯಲ್ಲಿ ಹಳದಿ ಮುಚ್ಚಿಗೆಯ ಬಗ್ಗಿ, ಬಿಳಿ ಮುಚ್ಚಿಗೆಯದು, ಕಪ್ಪು ಮುಚ್ಚಿಗೆಯದು ಎಲ್ಲ ಕಾಣುತ್ತವೆ; ಒಂದೊಂದು ಬಣ್ಣವೂ ಒಂದೊಂದು ಸಭೆಯವರದು. ಕಾಯಿಲೆಗಳ ಪಟ್ಟಿ ಬೇರೆ, ಮತ್ತೆ ಮೊದಲಿನಿಂದ ಮನೆ ಮನೆಯ ಪರಿಚಯ.

ಇಷ್ಟರಲ್ಲಿ ಮೊದಲ ಮಕ್ಕಳು ದೊಡ್ಡವರಾಗಿದ್ದಾರೆ. ಪಠ್ಯಪುಸ್ತಕದಲ್ಲಿ ಅವರಿಗೆ ಅಧ್ಯಾಯವಿಲ್ಲ, ಯಾಕೆಂದರೆ ಹಿಂದೆ ಆ ವಯಸ್ಸಿಗೆ ಚೆನ್ನಾಗಿ ಬಂದವರು ಬಹಳ ಕಡಿಮೆ. ಮೇಪಲ್ ಸಿರಪ್ ಕಾಯಿಲೆಯ ಹುಡುಗಿಯೊಬ್ಬಳು ಬಸುರಿಯಾದರೆ ಏನು ಮಾಡಬೇಕು? ಹೊಟ್ಟೆಯಲ್ಲಿ ಮಗು ಬೆಳೆಯುವ ಕಾಲ ಅವಳಿಗೆ ಒಳ್ಳೆಯದೇ. ಪ್ರೋಟೀನು ಕಟ್ಟುವ ಕೆಲಸ ನಡೆಯುತ್ತಿರುವಾಗ ಲ್ಯೂಸಿನ್ ಖರ್ಚಾಗುತ್ತದೆ. ಅಪಾಯ ಇರುವುದು ಹೆರಿಗೆಯ ನಂತರ. ಹಿಗ್ಗಿದ ಗರ್ಭಕೋಶ ಹಿಂದಿನ ಅಳತೆಗೆ ಕುಗ್ಗುವಾಗ ಅದರ ಮಾಂಸ ಕರಗಿ ಲ್ಯೂಸಿನ್ ರಕ್ತಕ್ಕೆ ಬರುತ್ತದೆ. ಮನೆಯವರೆಲ್ಲ ತೊಟ್ಟಿಲ ಸುತ್ತ ನಿಂತಿರುವ ವಾರಗಳಲ್ಲಿ ಬಾಣಂತಿಯ ಮಿದುಳು ಬಾಯಬಹುದು. ಹಾಗಾಗಿ ಸೂಲಗಿತ್ತಿಯ ಕೈಯಲ್ಲಿ ಎರಡು ಕೊಳವೆಗಳಿರಬೇಕು, ಒಂದು ಮಗುವಿನ ರಕ್ತಕ್ಕೆ, ಒಂದು ತಾಯಿಯದಕ್ಕೆ. ಮಗುವಿನದು ಒಂದು ಸಲ ನೋಡಿದರೆ ಸಾಕು. ತಾಯಿಯದನ್ನು ಮತ್ತೆ ಮತ್ತೆ ನೋಡುತ್ತಿರಬೇಕು.